ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಡಬೇಡಿ

ಮೇ ಕೊನೆಗೆ ಫೋನು ಶುರುವಾಗುತ್ತದೆ. "ಅಣ್ಣಾ, ನಾವು ಮಳೆಗಾಲ ಮುಗಿಯುವವರೆಗೆ ಮಗನ ಹತ್ತಿರ ದುಬೈಯಲ್ಲಿ ಇರ್ತೇವೆ. ಕ್ಯಾರವಾನ್ ಶೆಡ್ಡಿನಲ್ಲೇ ಇರ್ತದೆ. ಅಳಿಯ ವಾರಕ್ಕೊಮ್ಮೆ ಬಂದು ಹತ್ತು ನಿಮಿಷ ಸ್ಟಾರ್ಟ್ ಮಾಡಿಡ್ತಾನೆ, ಸಾಕಲ್ವಾ?"

ಸಾಕಾಗುವುದಿಲ್ಲ ಮಾರಾಯ್ರೆ. ಅದಕ್ಕಿಂತ ಅಳಿಯ ಬಾರದಿರುವುದೇ ಒಳ್ಳೆಯದು.

ನಾನು ಬದಿಯಡ್ಕದ ಹತ್ತಿರ ಇಪ್ಪತ್ತು ವರ್ಷದಿಂದ ಗಾಡಿಗಳ ವಯರಿಂಗ್ ಕೆಲಸ ಮಾಡುವವನು. ಟ್ರಾವೆಲರ್ ಗಾಡಿಗೆ ಮಂಚ, ಒಲೆ, ಫ್ರಿಜ್ ಎಲ್ಲ ಕೂರಿಸಿ ಊರು ತಿರುಗುವವರು ಈಗೀಗ ಈ ಕಡೆಯೂ ಇದ್ದಾರೆ. ಅವರಲ್ಲಿ ಕೆಲವರು ಹೊರದೇಶದ ವಿಡಿಯೊ ನೋಡಿ, ಪೈಪಿಗೆ ಆಂಟಿಫ್ರೀಜ್ ಹಾಕಬೇಕಾ ಅಂತ ಕೇಳುತ್ತಾರೆ. ಅಲ್ಲಿ ಚಳಿಗಾಲಕ್ಕೆ ಪೈಪಿನ ನೀರು ಮಂಜುಗಡ್ಡೆಯಾಗಿ ಹಿಗ್ಗುತ್ತದೆ, ಪೈಪು ಪಂಪು ಒಡೆಯುತ್ತದೆ, ಅದಕ್ಕೆ ಹಾಕುತ್ತಾರೆ. ಕಾಸರಗೋಡಿನಲ್ಲಿ ಯಾವ ತಿಂಗಳೂ ನೀರು ಗಡ್ಡೆಕಟ್ಟುವುದಿಲ್ಲ. ನಮ್ಮಲ್ಲಿ ನಿಂತ ನೀರು ನಾರುತ್ತದೆ, ಹಾಗಾಗಿ ಟ್ಯಾಂಕು ಖಾಲಿ ಮಾಡಿ ನಲ್ಲಿ ತೆರೆದಿಡಿ. ಫ್ರಿಜ್ ಬಾಗಿಲು ಸ್ವಲ್ಪ ತೆರೆದಿರಲಿ. ಗ್ಯಾಸ್ ಸಿಲಿಂಡರ್ ಕಳಚಿ ಹೊರಗಿಡಿ. ಇದೆಲ್ಲ ಎಲ್ಲರೂ ಮಾಡುತ್ತಾರೆ. ಬ್ಯಾಟರಿ ವಿಷಯ ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಲೆಕ್ಕ ನೋಡಿ. ಕೀ ತೆಗೆದ ಮೇಲೂ ಗಾಡಿ ಪೂರ್ತಿ ಮಲಗುವುದಿಲ್ಲ. ಸೆಂಟ್ರಲ್ ಲಾಕ್, ಅಲಾರಂ, ಜಿಪಿಎಸ್, ಸ್ಟೀರಿಯೊದ ಗಡಿಯಾರ, ಎಲ್ಲ ಚೂರುಚೂರು ಕರೆಂಟು ಕುಡಿಯುತ್ತಲೇ ಇರುತ್ತವೆ. ಒಟ್ಟು 50 ಮಿಲಿಆಂಪಿಯರ್ ಅಂತ ಇಟ್ಟುಕೊಳ್ಳಿ, ಬ್ಯಾಟರಿಯ ಚಾರ್ಜ್ ಅಳೆಯುವ ಲೆಕ್ಕದಲ್ಲಿ ಒಂದು ದಿನಕ್ಕೆ 1.2 ಆಂಪಿಯರ್ ಅವರ್, ವಾರಕ್ಕೆ ಎಂಟು ಚಿಲ್ಲರೆ. ಈಗ ಭಾನುವಾರ ಅಳಿಯ ಬರುತ್ತಾನೆ, ಸ್ಟಾರ್ಟ್ ಮಾಡುತ್ತಾನೆ, ಸುಮ್ನೆ ಕೂತರೆ ಬೇಜಾರು ಅಂತ ಎಸಿ ಹಾಕಿ ಹಾಡು ಕೇಳುತ್ತಾನೆ. ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಕೊಡುವುದೇ ಕಡಿಮೆ, ಅದರಲ್ಲೂ ಫ್ಯಾನು, ಲೈಟು ತಿಂದು ಉಳಿದದ್ದು ಬ್ಯಾಟರಿಗೆ. ಹತ್ತು ನಿಮಿಷದಲ್ಲಿ ಒಂದೋ ಎರಡೋ ಆಂಪಿಯರ್ ಅವರ್ ವಾಪಸ್ ಬಂದರೆ ದೊಡ್ಡದು. ಎಂಟು ಹೋದಲ್ಲಿ ಎರಡು ಬಂತು. ಹೀಗೆ ಅರ್ಧ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇದ್ದ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಂತೆ ಆಗುವುದಿಲ್ಲ.

ಇದು ಬ್ಯಾಟರಿಯ ಕತೆ ಮಾತ್ರ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ ಅಂದರೆ ಯಾರೂ ನಂಬುವುದಿಲ್ಲ, ಆದರೆ ನಿಜ. ಗಾಡಿ ಓಡಿ ಬಿಸಿಯಾದರೆ ಅದು ಹಬೆಯಾಗಿ ಹೊರಗೆ ಹೋಗುತ್ತದೆ. ಹತ್ತು ನಿಮಿಷಕ್ಕೆ ಆಫ್ ಮಾಡಿದರೆ ಸೈಲೆನ್ಸರಿನೊಳಗೆ ನೀರಾಗಿ ನಿಲ್ಲುತ್ತದೆ, ಸ್ವಲ್ಪ ಎಂಜಿನ್ ಆಯಿಲಿಗೂ ಸೇರುತ್ತದೆ. ಮಳೆಗಾಲದಲ್ಲಿ ಹೊರಗಿನ ತೇವವೇ ಸಾಕಷ್ಟಿದೆ, ಒಳಗೂ ನೀರು ತುಂಬಿಸಬೇಕಾ? ಇನ್ನೊಂದು ಮಾತು, ಮಳೆಯ ಎರಚಲಿಗೆ ಟಾರ್ಪಾಲು ಕಟ್ಟಿ ಮುಚ್ಚಿದ ಶೆಡ್ಡಿನೊಳಗೆ ದಯವಿಟ್ಟು ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತೇ ಆಗದೆ ಜೀವ ಹೋಗುತ್ತದೆ.

ನೀರ್ಚಾಲು ಕಡೆಯ ಒಬ್ಬರು ಅಮ್ಮ ನೆನಪಾಗುತ್ತಾರೆ. ಮಗ ಹೇಳಿದ್ದಾನೆ ಅಂತ, ಮೊಣಕಾಲು ನೋವಿದ್ದರೂ ಪ್ರತಿ ಭಾನುವಾರ ಪೂಜೆ ಮುಗಿಸಿ ಗಾಡಿ ಹತ್ತಿ ಕೀ ತಿರುಗಿಸುತ್ತಿದ್ದರು. ಒಂದು ವಾರವೂ ತಪ್ಪಿಸಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದನ್ನು ನನಗೆ ತೋರಿಸಿದರು. ಮಗ ಬರುವ ಹೊತ್ತಿಗೆ ಎರಡೂ ಬ್ಯಾಟರಿ ಸತ್ತಿದ್ದವು, ಸೈಲೆನ್ಸರ್ ತಳ ತೂತಾಗಿತ್ತು. "ನಾನು ಎಂತಾದರೂ ತಪ್ಪು ಮಾಡಿದೆನಾ ಮಗಾ?" ಅಂತ ಕೇಳಿದರು. ನಿಮ್ಮದು ಎಂತ ತಪ್ಪು ಅಮ್ಮ, ಹೇಳಿದವರದ್ದು ಅಂದೆ. ಆ ದಿನ ಮಜೂರಿ ಕೇಳಲು ಮನಸ್ಸು ಬರಲಿಲ್ಲ.

ಎರಡೂ ಬ್ಯಾಟರಿ ಅಂದೆನಲ್ಲ, ಅದೂ ಮುಖ್ಯ. ಎಂಜಿನ್ನಿನದ್ದು ಒಂದು, ಒಳಗಿನ ಲೈಟು, ಪಂಪು, ಫ್ರಿಜ್ಜಿನದ್ದು ಇನ್ನೊಂದು. ಎರಡರ ನಡುವೆ ರಿಲೇಯೋ ಚಾರ್ಜರೋ ಇಲ್ಲದಿದ್ದರೆ ಎಂಜಿನ್ ಎಷ್ಟು ಓಡಿದರೂ ಒಳಗಿನದ್ದಕ್ಕೆ ಒಂದು ತೊಟ್ಟೂ ಸಿಗುವುದಿಲ್ಲ. ಮೇಲೆ ಸೋಲಾರ್ ಇದೆಯಲ್ಲ ಅನ್ನುತ್ತಾರೆ. ಗಾಡಿ ಶೆಡ್ಡಿನೊಳಗಿದ್ದರೆ ಸೋಲಾರ್ ಏನು ಮಾಡೀತು?

ಹಾಗಾದರೆ ಮಾಡುವುದೇನು? ಹೊರಡುವ ಮುಂಚೆ ಎರಡನ್ನೂ ಚಾರ್ಜರ್ ಇಟ್ಟು ಪೂರ್ತಿ ತುಂಬಿಸಿ. ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿದರೆ 12.6 ವೋಲ್ಟಿನ ಮೇಲೆ ಇರಬೇಕು. ಇನ್ವರ್ಟರ್ ಆಫ್ ಮಾಡಿ, ಎರಡೂ ಬ್ಯಾಟರಿಯ ನೆಗೆಟಿವ್ ವಯರು ಕಳಚಿಡಿ. ಕಳಚುವಾಗ ನೆಗೆಟಿವ್ ಮೊದಲು, ಕೂರಿಸುವಾಗ ಅದು ಕೊನೆಗೆ, ಇಲ್ಲದಿದ್ದರೆ ಸ್ಪ್ಯಾನರ್ ಗಾಡಿಯ ಲೋಹಕ್ಕೆ ತಾಗಿ ಕಿಡಿ ಹಾರುತ್ತದೆ. ಹೀಗೆ ಕಳಚಿದ ಒಳ್ಳೆಯ ಬ್ಯಾಟರಿ ಮಳೆಗಾಲ ಪೂರ್ತಿ ಸಾಮಾನ್ಯವಾಗಿ ತಡೆಯುತ್ತದೆ, ಹಳೆಯದಾದರೆ ನಡುವೆ ಒಮ್ಮೆ ಚಾರ್ಜ್ ಬೇಕು. ಲಿಥಿಯಂ ಆದರೆ ಲೆಕ್ಕ ಬೇರೆ, ಪೂರ್ತಿ ತುಂಬಿಸಿಡುವುದು ಬೇಡ, ಕಂಪನಿಯ ಪುಸ್ತಕ ನೋಡಿ. ಹೊಸ ಗಾಡಿಯಲ್ಲಿ ವಾರಂಟಿ ಇದ್ದರೆ ಕಳಚುವ ಮುಂಚೆ ಅವರನ್ನು ಕೇಳಿಯೇ ಮುಟ್ಟಿ.

ಓಡಿಸಲೇಬೇಕು ಅಂತಿದ್ದರೆ ತಿಂಗಳಿಗೊಮ್ಮೆ ಅಳಿಯ ಕುಂಬಳೆಗೆ ಹೋಗಿ ಬರಲಿ, ಮುಕ್ಕಾಲು ಗಂಟೆಯಾದರೂ ರಸ್ತೆಯಲ್ಲಿ ಓಡಲಿ. ಹ್ಯಾಂಡ್‌ಬ್ರೇಕ್ ಹಾಕಿಡಬೇಡಿ, ತೇವಕ್ಕೆ ಹಿಡಿದುಕೊಳ್ಳುತ್ತದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ.

ಆ ಅಮ್ಮ ಈಗ ಗಾಡಿ ಹತ್ತುವುದಿಲ್ಲ. ಬಿಸಿಲು ಬಿದ್ದ ದಿನ ಬಾಗಿಲು, ಕಿಟಕಿ ತೆರೆದಿಡುತ್ತಾರೆ, ಬಾನೆಟ್ ಎತ್ತಿ ಇಲಿ ಗೂಡು ಕಟ್ಟಿದೆಯಾ ಅಂತ ನೋಡುತ್ತಾರೆ. ಕಳೆದ ಆಗಸ್ಟಿನಲ್ಲಿ ಏರ್ ಫಿಲ್ಟರ್ ಡಬ್ಬಿಯ ಪಕ್ಕ ಅಡಿಕೆ ಸಿಪ್ಪೆ ಕಂಡಿತಂತೆ, ಕೂಡಲೇ ಫೋನ್ ಮಾಡಿದರು. ಹೋಗಿ ನೋಡಿದೆ, ವಯರು ಇನ್ನೂ ಕಚ್ಚಿರಲಿಲ್ಲ.