ಟೂಲ್ಸ್ ಮೆನು ಎಲ್ಲಿ ಹೋಯಿತು?

ಬೆಳಿಗ್ಗೆ ವರ್ಡ್ ತೆರೆದರೆ ಮತ್ತೇನೋ ಬದಲಾಗಿದೆ ಎಂಬ ಗೊಣಗಾಟ ಯಾವ ಕಚೇರಿಗೂ ಹೊಸದಲ್ಲ. 2021ರಲ್ಲಿ ಮೂಲೆಗಳು ದುಂಡಗಾದವು, 2023ರಲ್ಲಿ ಫಾಂಟೇ ಬದಲಾಯಿತು. ಆದರೆ ಈ ಜಗಳದ ಬೇರು ಇರುವುದು 2007ರಲ್ಲಿ.

ವಿಂಡೋಸ್‌ಗೆ ವರ್ಡ್ ಬಂದದ್ದು 1989ರಲ್ಲಿ. ಆಗ ನೂರರಷ್ಟಿದ್ದ ಕಮಾಂಡ್‌ಗಳು 2003ರ ಆವೃತ್ತಿಯ ಹೊತ್ತಿಗೆ ಒಂದೂವರೆ ಸಾವಿರ ದಾಟಿದ್ದವು, ಟೂಲ್‌ಬಾರ್‌ಗಳೇ ಮೂವತ್ತರ ಮೇಲಾಗಿದ್ದವು. ನಡುವೆ ಸಹಾಯ ಹೇಳಲೆಂದು ಪರದೆಯಲ್ಲಿ ಕಣ್ಣು ಪಿಳುಕಿಸುವ ಪೇಪರ್ ಕ್ಲಿಪ್ ಬಂತು, ಬಳಸದ್ದನ್ನು ತಾನೇ ಬಚ್ಚಿಡುವ ಮೆನು ಬಂತು. ಹೊಸದಾಗಿ ಏನು ಬೇಕೆಂದು ಮೈಕ್ರೋಸಾಫ್ಟ್ ಕೇಳಿದರೆ ಜನ ಹೇಳುತ್ತಿದ್ದವುಗಳಲ್ಲಿ ಬಹಳಷ್ಟು ಒಳಗೆ ಆಗಲೇ ಇದ್ದವು, ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ. ಹಾಗಾಗಿ 2007ರ ಆವೃತ್ತಿಯಲ್ಲಿ ಮೆನುಗಳನ್ನೇ ಕಿತ್ತು, ಮೇಲುಗಡೆ ರಿಬ್ಬನ್ ಎಂಬ ಬಟನ್‌ಗಳ ಅಗಲ ಪಟ್ಟಿ ಹಾಸಿದರು. ಲೆಕ್ಕ ಹಾಕಿಯೇ ಮಾಡಿದ ಕೆಲಸ ಅದು: ವರ್ಡ್ 2003ರ ಬಳಕೆಯಲ್ಲಿ ಪೇಸ್ಟ್ ಒಂದರದ್ದೇ ಶೇ 11ಕ್ಕೂ ಹೆಚ್ಚು ಪಾಲು ಎಂದು ತಿಳಿದು, ಎಡತುದಿಯಲ್ಲಿ ಪೇಸ್ಟ್‌ಗೆ ದೊಡ್ಡ ಬಟನ್ ಕೊಟ್ಟರು. ಹಳೆಯ ಮೆನುವೇ ಸಾಕು ಎನ್ನುವವರಿಗೆ ಮಾತ್ರ ಏನನ್ನೂ ಕೊಡಲಿಲ್ಲ.

ಶಿವಮೊಗ್ಗದಲ್ಲಿ ಅದರ ಬಿಸಿ ಮುಟ್ಟಿದ್ದು ಒಂದೆರಡು ವರ್ಷ ತಡವಾಗಿ, ಹಳೆಯ ಕಂಪ್ಯೂಟರ್‌ಗಳು ಕೈಕೊಟ್ಟ ಮೇಲೆ. ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯೊಂದರಲ್ಲಿ ನಾನಾಗ ದಿನಕ್ಕೊಮ್ಮೆಯಾದರೂ ಕೂತಿರುತ್ತಿದ್ದೆ. ಪಾಲುಪಟ್ಟಿ, ಕ್ರಯಪತ್ರ, ಬಗರ್‌ಹುಕುಂ ಅರ್ಜಿ, ಎಲ್ಲವೂ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ. ನುಡಿಯ ಆ ಫಾಂಟ್‌ಗಳು ಪ್ರತಿ ಲಿಪಿಗೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದಂಥವು. ಸಣ್ಣ ‘ಡಿ’ ಇರುವ ಕಡೆ ಜ, ದೊಡ್ಡ ‘ಡಿ’ ಇರುವ ಕಡೆ ಆ. ವರ್ಡ್ ಪಾಲಿಗೆ ಅದು ಇಂಗ್ಲಿಷೇ. ವಾಕ್ಯದ ಮೊದಲ ಅಕ್ಷರ ದೊಡ್ಡದಿರಬೇಕೆಂದು ಅದು ತಿದ್ದಿದರೆ ‘ಜಮೀನು’ ಹೋಗಿ ‘ಆಮೀನು’ ಆಗುತ್ತದೆ. ಕ್ರಯಪತ್ರದ ಷೆಡ್ಯೂಲಿನಲ್ಲಿ!

ಮದ್ದು ಎಲ್ಲ ಟೈಪಿಸ್ಟರಿಗೂ ಬಾಯಿಪಾಠ: ಟೂಲ್ಸ್, ಆಟೋಕರೆಕ್ಟ್, ಟಿಕ್ ತೆಗಿ. 2007ರಲ್ಲಿ ಟೂಲ್ಸ್ ಎಂಬುದೇ ಇಲ್ಲ. ಎಡಮೂಲೆಯ ಗುಂಡನೆಯ ಚಿತ್ರವನ್ನು ಒತ್ತಬೇಕು, ಕೆಳಗೆ ವರ್ಡ್ ಆಪ್ಷನ್ಸ್, ಅಲ್ಲಿ ಪ್ರೂಫಿಂಗ್, ಅದರೊಳಗೆ ಆಟೋಕರೆಕ್ಟ್. ಆ ಗುಂಡು ಒತ್ತುವ ಬಟನ್ ಎಂದೇ ಬಹಳ ಜನರಿಗೆ ಹೊಳೆಯಲಿಲ್ಲ, ಕಂಪನಿಯ ಮುದ್ರೆ ಅಂದುಕೊಂಡರು. ನಾನೂ ಅಂದುಕೊಂಡಿದ್ದೆ.

“ಮಾರಾಯ್ರೆ, ಒಂದೂವರೆ ಬಸ್ ತಪ್ಪಿದ್ರೆ ಮತ್ತೆ ಸಂಜೆಗೇ,” ಎಂದು ಹೊಸನಗರ ಕಡೆಯ ಹಿರಿಯರೊಬ್ಬರು ಬಾಗಿಲಲ್ಲೇ ನಿಂತಿದ್ದರು. “ಇರಿ ಭಾವ, ಮೆನು ಹುಡುಕ್ತಿದೀನಿ,” ಎಂದರು ಅಂಗಡಿಯ ಅಕ್ಕ.

ವಯಸ್ಸಾದವರಿಗೆ ಹೊಸದು ಒಗ್ಗುವುದಿಲ್ಲ ಎಂದು ಹೇಳಿಬಿಡುವುದು ಸುಲಭ. ಈ ಅಕ್ಕ ಟೈಪ್‌ರೈಟರಿನಿಂದ ಕಂಪ್ಯೂಟರಿಗೆ ನಲವತ್ತು ದಾಟಿದ ಮೇಲೆ ಬಂದವರು. ಅವರಿಗೆ ಸಿಗುವುದು ಪುಟಕ್ಕಿಷ್ಟು ಎಂದು. ಹುಡುಕುವ ಹೊತ್ತಿಗೆ ಯಾರೂ ಕಾಸು ಕೊಡುವುದಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. 2010ರಲ್ಲಿ ಗುಂಡು ಹೋಗಿ ‘ಫೈಲ್’ ಮರಳಿತು. 2013ರಲ್ಲಿ ಟ್ಯಾಬ್‌ಗಳ ಹೆಸರೆಲ್ಲ ದೊಡ್ಡಕ್ಷರದಲ್ಲಿ ಕೂಗತೊಡಗಿದವು. 2017ರಲ್ಲಿ ವರ್ಡ್‌ನಂಥದೇ ಕೆಲಸ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಕೂಡ ರಿಬ್ಬನ್ನಿನಂಥದ್ದನ್ನು ತಂದಿತು, ಆದರೆ ಹಳೆಯ ಮೆನುವನ್ನು ಇದ್ದಲ್ಲೇ ಬಿಟ್ಟು, ಬೇಕಾದವರು ಆರಿಸಿಕೊಳ್ಳಲಿ ಎಂದಿತು. ಹಾಗೆಯೂ ಮಾಡಬಹುದಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ರಿಬ್ಬನ್ನಿನಲ್ಲೇ ಕಲಿತ ಇಂದಿನ ಹುಡುಗರ ಮುಂದೆ 2003 ಇಟ್ಟರೆ ಅವರೂ ತಡಕಾಡುತ್ತಾರೆ, ಅದೂ ನಿಜ.

ಆ ಮಧ್ಯಾಹ್ನ ಅಕ್ಕನ ಕಣ್ಣು ಸೋತಿತು, ಬೆರಳು ಸೋಲಲಿಲ್ಲ. ಮೌಸ್ ಬಿಟ್ಟು ಅಭ್ಯಾಸಬಲದಿಂದ ಆಲ್ಟ್, ಟಿ ಒತ್ತಿದರು. ಹಳೆಯ ಆವೃತ್ತಿಯ ಕೀ, ಮುಂದುವರಿಸಿ ಎಂಬರ್ಥದ ಪುಟ್ಟ ಚೌಕವೊಂದು ಮೇಲೆ ಮೂಡಿತು. ‘ಎ’ ಒತ್ತಿದರು. ಆಟೋಕರೆಕ್ಟ್ ಕಿಟಕಿ ಅದೇ ಹಳೆಯ ಮುಖದಲ್ಲಿ ತೆರೆದುಕೊಂಡಿತು. ಆ ಕೀಗಳನ್ನು ಯಾರೋ ಉಳಿಸಿದ್ದರು, ಇಂದಿಗೂ ಅವು ಕೆಲಸ ಮಾಡುತ್ತವೆ.

ಅಕ್ಕ ಟಿಕ್ ತೆಗೆದು, ಆಮೀನನ್ನು ಅಳಿಸಿ, ಬಾಗಿಲ ಕಡೆ ತಿರುಗಿದರು. “ಹ್ಞಾಂ, ಸರ್ವೆ ನಂಬರ್ ಹೇಳಿ ಭಾವ.”