ಚೆಂಡನ್ನು ಎತ್ತುವ ಕೆಲಸ ನಿಮ್ಮದಲ್ಲ

ಗಾಲ್ಫ್‌ನಲ್ಲಿ ಗ್ರೀನ್ (ಗುಳಿಯ ಸುತ್ತಲಿನ ನುಣುಪಾದ ಹುಲ್ಲು) ಪಕ್ಕದ ಹೊಡೆತಗಳನ್ನು ಸುಧಾರಿಸಿಕೊಳ್ಳಬೇಕೆಂದು ನನ್ನ ಬಳಿ ಕಲಿಯಲು ಬರುವವರಲ್ಲಿ ಹೆಚ್ಚಿನವರು ಯಾವ ವೆಜ್ (ಚೆಂಡನ್ನು ಮೇಲಕ್ಕೆ ಹಾರಿಸುವ, ಓರೆ ಮುಖದ ಕ್ಲಬ್, ಅಂದರೆ ಗಾಲ್ಫ್ ಕೋಲು) ಕೊಳ್ಳಬೇಕೆಂದು ಮೊದಲು ಕೇಳುತ್ತಾರೆ. ಕೈಯಲ್ಲಿರುವ ವೆಜ್ ಮೇಲೆಯೇ ಅವರಿಗೆ ನಂಬಿಕೆಯಿಲ್ಲವೆಂಬುದು ನಾಲ್ಕು ಚಿಪ್ (ಗ್ರೀನ್ ಪಕ್ಕದಿಂದ ಸಣ್ಣ ಹೊಡೆತ) ಹೊಡೆಸಿದರೆ ಗೊತ್ತಾಗುತ್ತದೆ. ಕ್ಲಬ್ ಚೆಂಡಿನ ಬಳಿ ಬರುತ್ತಿದ್ದಂತೆ ಮೈಭಾರ ಹಿಂಗಾಲಿಗೆ, ಅಂದರೆ ಗುರಿಯಿಂದ ದೂರದ ಕಾಲಿಗೆ, ಜಾರುತ್ತದೆ, ಮಣಿಕಟ್ಟು ಮಡಚಿಕೊಳ್ಳುತ್ತದೆ, ಸೌಟಿನಿಂದ ಸಾರು ಮೊಗೆದಂತೆ ಚೆಂಡನ್ನು ಮೊಗೆಯಲು ಹೊರಡುತ್ತಾರೆ.

ದಯವಿಟ್ಟು ಎತ್ತಬೇಡಿ. ಸ್ಯಾಂಡ್ ವೆಜ್‌ನ ಮುಖ ಸಾಮಾನ್ಯವಾಗಿ 54ರಿಂದ 58 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಆ ಓರೆ ಇರುವುದೇ ಚೆಂಡನ್ನು ಮೇಲಕ್ಕೆ ಕಳಿಸಲು. ಬೀಸುವ ಕ್ಲಬ್‌ನ ದಾರಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಬಿಂದು ಒಂದಿರುತ್ತದಲ್ಲ, ಭಾರ ಹಿಂಗಾಲಿನ ಮೇಲಿದ್ದರೆ ಅದು ಚೆಂಡಿನ ಹಿಂದೆಯೇ ಬಿದ್ದುಬಿಡುತ್ತದೆ. ಆಗ ಕ್ಲಬ್ ಮೊದಲು ನೆಲಕ್ಕೆ ಬಡಿದು ಚೆಂಡು ಎರಡು ಅಡಿ ಉರುಳಿ ನಿಲ್ಲುತ್ತದೆ. ನೆಲ ತಪ್ಪಿದರೆ, ಮೇಲೇರುತ್ತಿರುವ ಕ್ಲಬ್‌ನ ಕೆಳಅಂಚು ಚೆಂಡಿನ ನಡುವಿಗೆ ತಗುಲಿ, ಅದು ಗ್ರೀನ್ ದಾಟಿ ಆಚೆಯ ಬಂಕರ್ (ಮರಳುಗುಂಡಿ) ಸೇರುತ್ತದೆ. ಮೊದಲನೆಯದಕ್ಕೆ ‘ಬಲ ಸಾಲಲಿಲ್ಲ’, ಎರಡನೆಯದಕ್ಕೆ ‘ತಲೆ ಎತ್ತಿಬಿಟ್ಟೆ’ ಎನ್ನುತ್ತಾರೆ. ಎರಡರ ಮೂಲವೂ ಒಂದೇ, ಅದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಭಾರವನ್ನು ಮೊದಲೇ ಮುಂಗಾಲಿಗೆ ಹಾಕಿ, ಹೊಡೆತ ಮುಗಿಯುವವರೆಗೂ ಅಲ್ಲೇ ಇರಿಸಿ. ಚೆಂಡಿನ ಹಿಂದೆ ಒಂದು ಗೇಣು ದೂರದಲ್ಲಿ ಮಡಚಿದ ಟವೆಲ್ ಇಟ್ಟು ಅಭ್ಯಾಸ ಮಾಡಿ. ಟವೆಲ್ ಮುಟ್ಟಿದರೆ ತಪ್ಪು ತಾನೇ ತಿಳಿಯುತ್ತದೆ. ಆದರೆ ಕೈಗಳನ್ನು ಚೆಂಡಿಗಿಂತ ವಿಪರೀತ ಮುಂದೆ ಒಯ್ಯಬೇಡಿ, ತುಸು ಮುಂದಿದ್ದರೆ ಸಾಕು. ಹೆಚ್ಚಾದರೆ ಕ್ಲಬ್‌ನ ಮುಂದಿನ ಕೆಳಅಂಚು ನೆಲವನ್ನು ಅಗೆಯುತ್ತದೆ. ವೆಜ್‌ನ ತಳದಲ್ಲಿ ಬೌನ್ಸ್ ಎಂಬ ಉಬ್ಬು ಇರುವುದೇ ಅಗೆಯದೆ ಜಾರಲಿ ಎಂದು. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜೆನ್ ಕ್ಲಬ್‌ನ ತಳಕ್ಕೆ ಲೋಹ ಬೆಸೆದು ರೂಪಿಸಿದ ಸ್ಯಾಂಡ್ ವೆಜ್ ಹಿಡಿದು 1932ರ ಬ್ರಿಟಿಷ್ ಓಪನ್ ಗೆದ್ದರು. ಬಂಕರ್‌ನ ಮರಳಿಗೆಂದು ಹುಟ್ಟಿದ ಆ ಉಪಾಯ ಹುಲ್ಲಿನ ಮೇಲೂ ಕೆಲಸ ಮಾಡುತ್ತದೆ. ಹುಲ್ಲೇ ಇಲ್ಲದ ಗಟ್ಟಿ ನೆಲದಲ್ಲಿ ಮಾತ್ರ ಬೌನ್ಸ್ ಹೆಚ್ಚಿರುವ ವೆಜ್ ಪುಟಿದು ತೊಂದರೆ ಕೊಡಬಹುದು.

ಒಬ್ಬ ಹಿರಿಯ ಶಸ್ತ್ರವೈದ್ಯರಿದ್ದರು. ಬಹಳ ಸ್ಥಿರವಾದ ಕೈಗಳು, ಗ್ರೀನ್ ಮೇಲೆ ಚೆಂಡನ್ನು ಗುಳಿಗೆ ಉರುಳಿಸುವುದರಲ್ಲಿ ಅದ್ಭುತ ನಿಪುಣರು. ವೆಜ್ ಹಿಡಿದರೆ ಮಾತ್ರ ಮೊಗೆತ ತಪ್ಪುತ್ತಿರಲಿಲ್ಲ. ನನ್ನ ಉಪನ್ಯಾಸ ನಿಲ್ಲಿಸಿ ಅವರ ಕೈಗೆ ಏಳನೇ ಐರನ್ (ವೆಜ್‌ಗಿಂತ ಮುಖ ಕಡಿಮೆ ಓರೆಯಿರುವ ಕ್ಲಬ್) ಕೊಟ್ಟೆ. ಮೊದಲ ಹೊಡೆತವೇ ಸ್ವಚ್ಛವಾಗಿ ಹೊರಟಿತು. ಅದರಿಂದ ಚೆಂಡನ್ನು ಉರುಳಿಸುವುದಷ್ಟೇ ಅವರ ಉದ್ದೇಶವಾಗಿತ್ತು, ಎತ್ತುವ ಯೋಚನೆಯೇ ಬರಲಿಲ್ಲ. ಮತ್ತೆ ವೆಜ್ ಕೊಟ್ಟೆ, ಮತ್ತೆ ಮೊಗೆದರು. ಕೊನೆಗೆ ಅವರೇ ನಕ್ಕು ಒಪ್ಪಿಕೊಂಡರು.

ಚೆಂಡಿಗೂ ಗ್ರೀನ್‌ಗೂ ನಡುವೆ ಬಂಕರ್ ಇಲ್ಲದೆ, ಉರುಳಲು ಜಾಗವಿದ್ದರೆ, ನೀವೂ ಏಳನೇ ಅಥವಾ ಎಂಟನೇ ಐರನ್‌ನಿಂದಲೇ ಆರಂಭಿಸಿ. ಚೆಂಡು ಗ್ರೀನ್ ಅಂಚಿನ ಹುಲ್ಲು ದಾಟಿ ಬೀಳುವಷ್ಟು ಹಾರಿದರೆ ಸಾಕು. ದಟ್ಟ ಹುಲ್ಲಿನಲ್ಲಿ ಹೂತ ಚೆಂಡಿಗೆ ಇದು ಅನ್ವಯಿಸದು, ಅಲ್ಲಿ ವೆಜ್ಜೇ ಬೇಕು.