ಘಾಟಿಯಲ್ಲಿ ನಿಂತ ಗಾಡಿ ಗ್ಯಾರೇಜಿನಲ್ಲಿ ಯಾಕೆ ಒಳ್ಳೆ ಮಗು ಥರ ಇರುತ್ತೆ?

ಪ್ರಶ್ನೆ: ಸರ್, ಮಂಗಳೂರಿಂದ ಬೆಂಗಳೂರಿಗೆ ಬರುವಾಗ ಶಿರಾಡಿ ಏರಿನಲ್ಲಿ ಕಾರು ಇದ್ದಕ್ಕಿದ್ದಂತೆ ಆಫ್ ಆಯ್ತು. ಸೆಲ್ಫ್ ಹೊಡೆದರೆ ತಿರುಗುತ್ತೆ, ಸ್ಟಾರ್ಟ್ ಆಗಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಿತು. ಸಕಲೇಶಪುರ ದಾಟಿದ ಮೇಲೆ ಮತ್ತೆ ಅದೇ ಕಥೆ. ಸರ್ವಿಸ್ ಸೆಂಟರಿನವರು ಎರಡು ದಿನ ಇಟ್ಟುಕೊಂಡು ‘ಏನೂ ತೊಂದರೆ ಇಲ್ಲ’ ಅಂದರು. ಪೆಟ್ರೋಲ್ ಏರ್ ಲಾಕ್ ಆಗಿರಬಹುದಾ? ಪಂಪಿಗೆ ಒದ್ದೆ ಬಟ್ಟೆ ಸುತ್ತಬೇಕಂತೆ. ಪಂಪ್ ಎಲ್ಲಿರುತ್ತೆ?

ಉತ್ತರ: ಪಂಪ್ ಟ್ಯಾಂಕಿನ ಒಳಗೆ, ಪೆಟ್ರೋಲಿನಲ್ಲಿ ಮುಳುಗಿಕೊಂಡು ಇರುತ್ತೆ. ಬಹಳಷ್ಟು ಕಾರುಗಳಲ್ಲಿ ಅದು ಹಿಂದಿನ ಸೀಟಿನ ಕೆಳಗೆ. ಬಟ್ಟೆ ಸುತ್ತಬೇಕೆಂದರೆ ಮೊದಲು ನಿಮ್ಮತ್ತೆಯವರನ್ನು ಇಳಿಸಿ ಸೀಟು ಕೀಳಬೇಕು.

ಪ್ರತಿ ಬೇಸಿಗೆ ರಜೆ ಮುಗಿಯುವಾಗ ಈ ಪ್ರಶ್ನೆ ಬರುತ್ತೆ, ಪ್ರತಿ ಸಲ ಒದ್ದೆ ಬಟ್ಟೆಯ ಜೊತೆಗೇ ಬರುತ್ತೆ. ಆದ್ದರಿಂದ ಈ ಬಟ್ಟೆಯನ್ನು ಇವತ್ತು ಹಿಂಡಿ ಒಣಗಿಸಿಯೇ ಬಿಡೋಣ.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿತ್ತು. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಸ್ಟ್ರಾ ಹಾಕಿ ಎಳನೀರು ಹೀರಿದ ಹಾಗೆ ಹೀರಬೇಕು. ಹೀರುವಾಗ ಪೈಪಿನೊಳಗೆ ಒತ್ತಡ ಕಮ್ಮಿ, ಪಕ್ಕದಲ್ಲಿ ಕಾದ ಎಂಜಿನ್. ಒತ್ತಡ ಕಮ್ಮಿಯಾದರೆ ದ್ರವ ಬೇಗ ಕುದಿಯುತ್ತೆ. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ, ಪಂಪ್ ಬರೀ ಆವಿ ತಳ್ಳುತ್ತಾ ಕೂರುತ್ತಿತ್ತು. ನೀವು ಏರ್ ಲಾಕ್ ಅನ್ನೋದು ಇದನ್ನೇ. ಆಗ ಒದ್ದೆ ಬಟ್ಟೆ ನಿಜಕ್ಕೂ ಮದ್ದು. ನಾನೇ ಹಾಕಿದ್ದೇನೆ, ಬೈರಾಸು ಹಾಳಾಗಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡೂ ಇದ್ದೇನೆ.

ಈಗಿನ ಕಾರಿನಲ್ಲಿ ಹೀರೋದೇ ಇಲ್ಲ. ಟ್ಯಾಂಕಿನೊಳಗಿನ ಪಂಪ್ ಪೆಟ್ರೋಲನ್ನು ಹಿಂದಿನಿಂದ ಮುಂದಕ್ಕೆ ನೂಕುತ್ತೆ, ಅದೂ ಸಾಮಾನ್ಯವಾಗಿ 3 ಬಾರ್ ಇಲ್ಲವೇ ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ. ನಿಮ್ಮ ಟೈರಿನ ಗಾಳಿಗಿಂತ ಜಾಸ್ತಿ ಅದು. ಅಡುಗೆಮನೆಗೆ ಹೋಗಿ ನೋಡಿ: ಕುಕ್ಕರಿನ ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿ 120ರ ಹತ್ತಿರ ಹೋದರೂ ದ್ರವವಾಗಿಯೇ ಇರುತ್ತೆ. ಪೆಟ್ರೋಲ್ ಪೈಪೂ ಹಾಗೇ. ಬಿಸಿ ಎಂಜಿನ್ ಆಫ್ ಮಾಡಿ, ಟೀ ಕುಡಿದು ಬಂದು ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಜಾಸ್ತಿ ತಿರುಗಬಹುದು, ಒಪ್ಪುತ್ತೇನೆ. ಆದರೆ ಆರೋಗ್ಯವಾಗಿ ಓಡುತ್ತಿರುವ ಈಗಿನ ಇಂಜೆಕ್ಷನ್ ಗಾಡಿಯನ್ನು ನಮ್ಮ ಶಿರಾಡಿಯ ಬಿಸಿಲು ಆವಿ ಕಟ್ಟಿಸಿ ನಿಲ್ಲಿಸೋದಿಲ್ಲ.

‘ಏರ್ ಲಾಕ್’ ಅನ್ನೋ ಮಾತೂ ಡೀಸೆಲ್ ಗಾಡಿಯದು. ಡೀಸೆಲ್ ಖಾಲಿಯಾದರೆ ಪೈಪಿಗೆ ಗಾಳಿ ಹೋಗುತ್ತೆ, ಲಾರಿಯವರು ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯುತ್ತಾರೆ. ಅರ್ಧ ಗಂಟೆ ಬಿಟ್ಟರೆ ಅದು ತಾನಾಗಿ ಹೋಗಲ್ಲ.

‘ಹಾಗಾದರೆ ನನ್ನ ಭಾವ ಬಟ್ಟೆ ಹಾಕಿದಾಗ ಸ್ಟಾರ್ಟ್ ಆಯ್ತಲ್ಲ’ ಅಂತೀರಿ. ನೀರು ಹುಡುಕಿ, ಬಟ್ಟೆ ನೆನೆಸಿ, ಸಿಕ್ಕ ಯಾವುದೋ ಪೈಪಿಗೆ ಸುತ್ತಿ ಕಾಯುವಷ್ಟರಲ್ಲಿ ಅರ್ಧ ಗಂಟೆ ಆಯ್ತು. ಗಾಡಿ ತಣ್ಣಗಾಯ್ತು. ಹೆಸರು ಬಂದದ್ದು ಬಟ್ಟೆಗೆ.

ಬಿಸಿಯಾದರೆ ಸತ್ತು, ತಣ್ಣಗಾದರೆ ಬದುಕುವ ಜಾತಿಯಲ್ಲಿ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಎಂಜಿನ್ ಎಷ್ಟು ತಿರುಗಿದೆ, ಯಾವಾಗ ಕಿಡಿ ಹಾರಿಸಬೇಕು ಅಂತ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಹೇಳೋದು ಇದೇ. ಹಲವು ಗಾಡಿಗಳಲ್ಲಿ ಇದರೊಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ ಇರುತ್ತೆ. ತಂತಿ ಎಲ್ಲೋ ಬಿರುಕು ಬಿಟ್ಟಿದ್ದರೆ, ಕಾದಾಗ ಹಿಗ್ಗಿ ಬಾಯಿ ಬಿಡುತ್ತೆ, ಆರಿದಾಗ ಮತ್ತೆ ಕೂಡಿಕೊಳ್ಳುತ್ತೆ. ಹೀಗೇ ಕಾಟ ಕೊಟ್ಟ ಒಂದು ಗಾಡಿಯ ಸೆನ್ಸರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. 870 ಓಮ್, ಅಪ್ಪಟ ಸಂಭಾವಿತ. ಮನೆಯಿಂದ ಹೇರ್ ಡ್ರೈಯರ್ ತರಿಸಿ ಬಿಸಿಗಾಳಿ ಬಿಟ್ಟೆ. ನಾಲ್ಕು ನಿಮಿಷಕ್ಕೆ ಅಂಕಿ ಕುಣಿಯೋಕೆ ಶುರು, ಐದನೇ ನಿಮಿಷಕ್ಕೆ ಮೀಟರಿನಲ್ಲಿ ‘ಓಎಲ್’, ಅಂದರೆ ತಂತಿ ಕಡಿದಿದೆ. ಊದಿ ಆರಿಸಿದೆ, ಮತ್ತೆ 870. ಗಾಡಿಯ ಯಜಮಾನರು ಮೂರು ಸಲ ಮಾಡಿಸಿ ನೋಡಿದರು.

ನಿಮ್ಮ ಸರ್ವಿಸ್ ಸೆಂಟರಿನವರು ಬೆಳಿಗ್ಗೆ ತಣ್ಣಗಿನ ಗಾಡಿಯಲ್ಲಿ ಒಂದು ರೌಂಡ್ ಹೊಡೆದು ಬಂದಿರುತ್ತಾರೆ. ಸಿಗೋದಾದರೂ ಹೇಗೆ?

ಮುಂದಿನ ಸಲ ನಿಂತಾಗ ಬಾನೆಟ್ ಎತ್ತುವ ಮೊದಲು ಸೀಟಿನಲ್ಲೇ ಕೂತು ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ತಿರುಗುವಾಗ ಮುಳ್ಳು ಸ್ವಲ್ಪವಾದರೂ ಏಳಬೇಕು. ಸೊನ್ನೆಯಲ್ಲೇ ಸತ್ತಿದ್ದರೆ ಸೆನ್ಸರ್ ಮೇಲಿನ ಅನುಮಾನ ಗಟ್ಟಿ. ಎದ್ದರೆ, ಕೀ ಆಫ್ ಮಾಡಿ ಮತ್ತೆ ಆನ್‌ಗೆ ತನ್ನಿ, ಎಲ್ಲರನ್ನೂ ಸುಮ್ಮನಿರಿಸಿ ಹಿಂದಿನಿಂದ ಎರಡು ಸೆಕೆಂಡ್ ಪಂಪಿನ ‘ಗುಂಯ್’ ಸದ್ದು ಬರುತ್ತಾ ಅಂತ ಕೇಳಿ. ಬರದಿದ್ದರೆ ತೊಂದರೆ ಪಂಪ್ ಅಥವಾ ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇಯದು. ಅಂದ ಹಾಗೆ ಆ ಪಂಪನ್ನು ತಂಪಾಗಿಡೋದು ಪೆಟ್ರೋಲೇ. ಸದಾ ರಿಸರ್ವಿನಲ್ಲಿ ಓಡಿಸುವವರ ಪಂಪ್ ಬೇಗ ಸೋಲುತ್ತೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರಸ್ತೆಬದಿಯ ಮೆಕ್ಯಾನಿಕ್ ‘ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕೋಣ, ರೀಸೆಟ್ ಆಗುತ್ತೆ’ ಅಂದರೆ ಕೈ ಹಿಡಿದು ತಡೆಯಿರಿ. ತಪ್ಪು ನಡೆದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ, ಎಷ್ಟು ಆರ್‌ಪಿಎಂ, ಎಷ್ಟು ವೇಗ ಅಂತ ಇಸಿಯು ಆ ತಪ್ಪಿನ ಕೋಡ್ ಜೊತೆ ಬರೆದಿಟ್ಟುಕೊಂಡಿರುತ್ತೆ. ಟರ್ಮಿನಲ್ ಬಿಚ್ಚಿದರೆ ಸಾಮಾನ್ಯವಾಗಿ ಆ ಪಂಚನಾಮೆ ಅಳಿಸಿಹೋಗುತ್ತೆ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಸಾವಿರ ರೂಪಾಯಿಯೊಳಗೆ ಸಿಗುತ್ತೆ, ಫೋನಿನಲ್ಲೇ ಓದಬಹುದು. ಪಿ0335 ಅನ್ನೋ ಕೋಡ್ ಬಂದರೆ ತೊಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನದು. ವೈರಿಂಗೂ ನೋಡಿಸಿ, ಬರೀ ಸೆನ್ಸರ್ ಬದಲಿಸಿ ಕೈತೊಳೆದುಕೊಳ್ಳಬೇಡಿ.

ನೀವು ಕೇಳಲಿಲ್ಲ, ಆದರೂ ಘಾಟಿಯ ಮಾತು ಬಂತಲ್ಲ. ಗುಂಡ್ಯದ ಕಡೆ ಇಳಿಯುವಾಗ ‘ಎಂಜಿನ್ನಿಗೆ ರೆಸ್ಟ್’ ಅಂತ ನ್ಯೂಟ್ರಲ್‌ಗೆ ಹಾಕುವವರು, ಆಫ್ ಮಾಡುವವರೂ ಇದ್ದಾರೆ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಿನಲ್ಲಿ ಇಂಜೆಕ್ಷನ್ ಗಾಡಿ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮ್ಮನೆ ಓಡುತ್ತಿರೋಕೂ (ಐಡಲ್) ಪೆಟ್ರೋಲ್ ಕುಡಿಯುತ್ತಲೇ ಇರುತ್ತೆ. ಉಳಿತಾಯದ ಲೆಕ್ಕವೇ ಉಲ್ಟಾ. ಇನ್ನು ಆಫ್ ಮಾಡಿದರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಮುಗಿಯುತ್ತೆ. ಮನೆ ಮುಂದೆ ಗಾಡಿ ಆಫ್ ಮಾಡಿ ನಾಲ್ಕು ಸಲ ಪೆಡಲ್ ಒತ್ತಿ ನೋಡಿ, ಕಲ್ಲಾಗಿರುತ್ತೆ. ನಿಮ್ಮ ಗಾಡಿ ತಾನಾಗಿ ಆಫ್ ಆದಾಗಲೂ ಇಷ್ಟೇ ಉಳಿದಿರೋದು. ಆದ್ದರಿಂದ ಸೆನ್ಸರ್ ಬದಲಾಗುವ ತನಕ, ನಿಂತಿತು ಅನ್ನಿಸಿದ ತಕ್ಷಣ ಪೆಡಲನ್ನು ಒತ್ತಿ ಬಿಟ್ಟು ಮಾಡಬೇಡಿ. ಒಂದೇ ಸಲ ಒತ್ತಿ, ಹಿಡಿದೇ ಎಡಕ್ಕೆ ತನ್ನಿ.